ರಜೆಗೆ ಊರಿಗೆ ಬಂದ ಮಗುವಿಗೆ ಜ್ವರ, ಮೈಯಲ್ಲಿ ದದ್ದು: ದಡಾರಕ್ಕೆ ಚಿಕ್ಕ ಕ್ಲಿನಿಕ್ ಹೇಗೆ ಸಜ್ಜಾಗಬೇಕು?

ಪ್ರಶ್ನೆ: ಕೇರಳದ ಗಡಿಭಾಗದ ಮಂಜೇಶ್ವರ ಮತ್ತು ಉಪ್ಪಳದ ನಡುವಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ನಾನು ಸ್ಟಾಫ್ ನರ್ಸ್. ಇಬ್ಬರು ಡಾಕ್ಟರು, ಮೂವರು ನರ್ಸುಗಳು, ಸಣ್ಣದೊಂದು ಲ್ಯಾಬ್, ಟೋಕನ್ ಕೊಡಲು ಒಬ್ಬ ಹುಡುಗಿ, ಇಷ್ಟೇ ನಮ್ಮ ಬಳಗ. ಜುಲೈ, ಆಗಸ್ಟ್ ಬಂತೆಂದರೆ ದುಬೈ, ಶಾರ್ಜಾ, ಕತಾರ್ ಕಡೆಯಿಂದ ರಜೆಗೆ ಬಂದ ಮಕ್ಕಳೇ ಹೆಚ್ಚು. ದಡಾರದ ಕೇಸು ಬಂದರೆ ನಾವು ಏನೇನು ತಯಾರಿ ಇಟ್ಟುಕೊಂಡಿರಬೇಕು? ಸಿಬ್ಬಂದಿಯಾದ ನಾವೇ ಎಷ್ಟು ಸುರಕ್ಷಿತ? ಅನುಮಾನ ಬಂದ ಕೂಡಲೇ ಮಂಗಳೂರಿಗೆ ಕಳಿಸಿಬಿಟ್ಟರೆ ಸಾಲದೇ? ಏಳು ತಿಂಗಳ ಕೂಸನ್ನು ಕರೆದುಕೊಂಡು ವಿಮಾನ ಹತ್ತುವ ತಾಯಂದಿರು ‘ಮೊದಲೇ ಇಂಜೆಕ್ಷನ್ ಕೊಟ್ಟುಬಿಡಿ’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಸಿಸ್ಟರ್, ನಿಮ್ಮ ಮೂರನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಮಂಗಳೂರಿಗೆ ಕಳಿಸಿದರೆ ಸಾಲದು. ಡಾಕ್ಟರು ಮಗುವನ್ನು ನೋಡಿ ‘ಇದು ದಡಾರ ಇರಬಹುದು’ ಎನ್ನುವ ಹೊತ್ತಿಗೆ ಆ ಮಗು ನಿಮ್ಮ ವರಾಂಡದ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತಿರುತ್ತದೆ. ಹರಡಬೇಕಾದದ್ದು ಅಷ್ಟರಲ್ಲಿ ಹರಡಿ ಆಗಿರುತ್ತದೆ. ಹಾಗಾಗಿ ತಯಾರಿಯ ದೊಡ್ಡ ಪಾಲು ಡಾಕ್ಟರ ಮೇಜಿಗಿಂತ ಟೋಕನ್ ಕೌಂಟರಿಗೇ ಸೇರಿದ್ದು. ತರಬೇತಿ ಮೊದಲು ಬೇಕಾದದ್ದೂ ಅಲ್ಲಿ ಕೂರುವ ಹುಡುಗಿಗೆ.

ಯಾಕೆಂದರೆ ದಡಾರದ ವೈರಸ್ ಗಾಳಿಯಲ್ಲಿ ಬರುತ್ತದೆ. ಶೀತ, ಕೆಮ್ಮಿನ ಹನಿಗಳ ಹಾಗೆ ಮೂರು ಅಡಿ ದೂರದಲ್ಲಿ ಕೆಳಗೆ ಬಿದ್ದುಹೋಗುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗರಬತ್ತಿ ಆರಿದ ಮೇಲೂ ವಾಸನೆ ಉಳಿಯುವಂತೆ, ರೋಗಿ ಎದ್ದು ಹೋದ ಮೇಲೂ 2 ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. ರೋಗನಿರೋಧಕ ಶಕ್ತಿ ಇಲ್ಲದವರು ಹತ್ತು ಮಂದಿ ಹತ್ತಿರ ಸುಳಿದರೆ ಒಂಬತ್ತು ಮಂದಿಗೆ ತಗಲುವಷ್ಟು ವೇಗ ಅದಕ್ಕೆ. ಇನ್ನೊಂದು ತೊಂದರೆಯೆಂದರೆ, ದದ್ದು ಕಾಣುವ 4 ದಿನ ಮೊದಲೇ ಆ ಮಗು ಸೋಂಕು ಹರಡಲು ಶುರು ಮಾಡಿರುತ್ತದೆ. ದದ್ದು ಬಂದ ಮೇಲೂ 4 ದಿನ ಹರಡುತ್ತದೆ. ಬರೀ ದದ್ದು ನೋಡಿ ಎಚ್ಚೆತ್ತರೆ ಅರ್ಧ ಅವಧಿ ಕಳೆದುಹೋಗಿರುತ್ತದೆ.

ಆದ್ದರಿಂದ ಕೌಂಟರಿನಲ್ಲಿ ಎರಡು ಬಗೆಯ ರೋಗಿಗಳನ್ನು ಗುರುತಿಸಬೇಕು. ಒಂದು, ಜ್ವರದ ಜೊತೆ ಮೈಯಲ್ಲಿ ದದ್ದು ಇರುವ ಯಾರೇ ಆಗಲಿ, ಪ್ರಯಾಣ ಮಾಡಿರಲಿ ಬಿಡಲಿ. ಎರಡು, ದದ್ದು ಇಲ್ಲದಿದ್ದರೂ ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪಾದ ಕಣ್ಣು ಒಟ್ಟಿಗೆ ಇದ್ದು, ಕಳೆದ 21 ದಿನಗಳಲ್ಲಿ ಹೊರಗಿನಿಂದ ಬಂದವರು ಅಥವಾ ಹಾಗೆ ಬಂದವರ ಜೊತೆ ಇದ್ದವರು. ಈ ಎರಡನೆಯ ಗುಂಪಿನಲ್ಲಿ ಬಹಳಷ್ಟು ಮಂದಿಗೆ ಬರೀ ಫ್ಲೂ ಇರುತ್ತದೆ ಎಂಬುದು ನಿಜ. ಒಂದು ಮಾಸ್ಕ್ ಮತ್ತು ಬೇರೆ ಬಾಗಿಲು, ಅಷ್ಟೇ ಖರ್ಚು. ಅದಕ್ಕೆ ಜಿಪುಣತನ ಬೇಡ.

ಪ್ರಯಾಣದ ಬಗ್ಗೆ ಕೇಳುವಾಗ ‘ಫಾರಿನ್‌ಗೆ ಹೋಗಿದ್ರಾ’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಮಗು ಹೋಗಿಲ್ಲದಿರಬಹುದು, ಮಾವ ಬಂದಿರಬಹುದು. ‘ಮೂರು ವಾರದೊಳಗೆ ನಿಮ್ಮ ಮನೆಗೆ ಬೇರೆ ಊರಿಂದ ಯಾರಾದರೂ ಬಂದಿದ್ದಾರಾ? ಏರ್‌ಪೋರ್ಟಿಗೆ ಹೋಗಿದ್ರಾ? ಉಮ್ರಾಕ್ಕೆ ಹೋದವರಿದ್ದಾರಾ? ಮುಂಬೈಯಿಂದ ಬಂದ್ರಾ?’ ಹೀಗೆ ಬಿಡಿಬಿಡಿಯಾಗಿ ಕೇಳಬೇಕು. ಮುಂಬೈಯನ್ನು ಸುಮ್ಮನೆ ಸೇರಿಸಿದ್ದಲ್ಲ. 2022ರ ಕೊನೆಯಲ್ಲಿ ಮುಂಬೈಯಲ್ಲೂ ನಮ್ಮದೇ ರಾಜ್ಯದ ಮಲಪ್ಪುರಂನಲ್ಲೂ ದಡಾರ ಹಬ್ಬಿತ್ತು. ಆ ನವೆಂಬರಿನಲ್ಲಿ ಕೇಂದ್ರದ ತಂಡ ಮಲಪ್ಪುರಂಗೂ ಬಂದಿತ್ತು. ಮಂಜೇಶ್ವರದ ಎಷ್ಟು ಮನೆಗಳಿಗೆ ಮುಂಬೈಯ ನಂಟಿದೆ ಎಂಬುದು ನಿಮಗೇ ಗೊತ್ತು. ಹಾಗೆಯೇ ‘ಶ್ರೀಮಂತ ದೇಶದಿಂದ ಬಂದವರಿಗೆ ಇದೆಲ್ಲ ಎಲ್ಲಿ ಬರುತ್ತದೆ’ ಎಂದುಕೊಳ್ಳಬೇಡಿ. ದಡಾರ ನಿರ್ಮೂಲನವಾದ ದೇಶ ಎನಿಸಿಕೊಂಡಿದ್ದ ಕೆನಡಾ 2025ರ ನವೆಂಬರಿನಲ್ಲಿ ಆ ಸ್ಥಾನ ಕಳೆದುಕೊಂಡಿತು. ಕಟ್ಟಡ ಕೆಲಸಕ್ಕೆ, ಹೋಟೆಲಿಗೆ ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರ ಮಕ್ಕಳನ್ನೂ ಮರೆಯಬೇಡಿ. ಅವರ ಲಸಿಕೆ ಕಾರ್ಡು ಊರಲ್ಲೇ ಉಳಿದಿರುತ್ತದೆ.

ಗಲ್ಫ್‌ನಲ್ಲಿ ಹುಟ್ಟಿದ ಮಗುವಿನ ಕಾರ್ಡು ನೋಡುವಾಗ ಒಂದು ಕಡೆ ಎಡವುವವರು ಬಹಳ. ನಮ್ಮಲ್ಲಿ ಎಂಆರ್ (ದಡಾರ, ರುಬೆಲ್ಲಾ) ಲಸಿಕೆಯ ಮೊದಲ ಡೋಸು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಯುಎಇಯಲ್ಲಿ ಎಂಎಂಆರ್ (ಇವೆರಡರ ಜೊತೆ ಮಂಗನಬಾವಿನ ಲಸಿಕೆಯೂ ಸೇರಿದ್ದು) ಮೊದಲ ಡೋಸು 12 ತಿಂಗಳಿಗೆ. ಹತ್ತು ತಿಂಗಳಿಗೆ ರಜೆಗೆ ಬಂದ ಶಾರ್ಜಾದ ಮಗುವಿನ ಕಾರ್ಡಿನಲ್ಲಿ ‘ಎಲ್ಲಾ ಲಸಿಕೆ ಆಗಿದೆ’ ಎಂದಿರಬಹುದು. ಅಲ್ಲಿನ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಆದರೆ ದಡಾರದ ಲಸಿಕೆ ಒಂದೂ ಬಿದ್ದಿರುವುದಿಲ್ಲ. ಆದ್ದರಿಂದ ‘ಲಸಿಕೆ ಆಗಿದೆಯಾ’ ಎಂದು ಕೇಳಿ ಬಿಡದೆ, ಕಾರ್ಡಿನಲ್ಲಿ ಎಂಆರ್ ಅಥವಾ ಎಂಎಂಆರ್ ಎದುರು ತಾರೀಕು ಇದೆಯೇ ಎಂದು ಕಣ್ಣಾರೆ ನೋಡಿ.

ಫೋನಿನಲ್ಲಿ ಟೋಕನ್ ಬುಕ್ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಹೆಸರು ಬರೆಯುವಾಗಲೇ ‘ಜ್ವರ ಇದೆಯಾ? ಮೈಯಲ್ಲಿ ಕೆಂಪು ಎದ್ದಿದೆಯಾ?’ ಎಂದು ಕೇಳುವುದು. ಹೌದು ಎಂದರೆ ಮಾತು ಇಷ್ಟೇ: ‘ಬನ್ನಿ, ಡಾಕ್ಟರು ನೋಡ್ತಾರೆ. ಆದರೆ ಒಳಗೆ ಬರಬೇಡಿ, ಗಾಡಿಯಲ್ಲೇ ಕೂತು ಈ ನಂಬರಿಗೆ ಫೋನ್ ಮಾಡಿ, ನಾವು ಹೊರಗೆ ಬರ್ತೇವೆ. ಮಗುವಿನ ಜೊತೆ ಒಬ್ಬರು ಸಾಕು. ಗರ್ಭಿಣಿಯರು, ಸಣ್ಣ ಮಕ್ಕಳು ಜೊತೆಗೆ ಬೇಡ.’ ಬರಬೇಡಿ ಎಂದು ಮಾತ್ರ ಹೇಳಬಾರದು. ಹಾಗೆ ಹೇಳಿದರೆ ಅವರು ಇನ್ನೊಂದು ಕ್ಲಿನಿಕ್‌ಗೆ ಹೋಗಿ ದದ್ದಿನ ವಿಷಯವನ್ನೇ ಮುಚ್ಚಿಡುತ್ತಾರೆ. ಸಾಧ್ಯವಿದ್ದರೆ ಬೆಳಗಿನ ಒಪಿಯ ಕೊನೆಯ ಟೋಕನ್ ಕೊಡಿ. ಉಸಿರಾಟದ ತೊಂದರೆ, ಫಿಟ್ಸ್, ನೀರೂ ಕುಡಿಯದ ಸ್ಥಿತಿ ಇದ್ದರೆ ಮಾತ್ರ ಸಾಲು ಕಾಯಿಸುವಂತಿಲ್ಲ.

ಫೋನ್ ಮಾಡದೆ ಬರುವವರಿಗೆ ಗೇಟಿನ ಬಳಿ ಬೋರ್ಡು ಬೇಕು, ಕೌಂಟರಿನ ಗಾಜಿನ ಮೇಲಲ್ಲ. ಅದನ್ನು ಓದುವ ಹೊತ್ತಿಗೆ ಅವರು ಒಳಗಿರುತ್ತಾರೆ. ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಮಲಯಾಳದಲ್ಲಿ ಅಂಜಾಂಪನಿ ಎಂದೇ ಬರೆಯಿರಿ. ಕೆಲಸಕ್ಕೆ ಬಂದವರಿಗಾಗಿ ಹಿಂದಿಯಲ್ಲಿ ಒಂದು ಸಾಲು, ಓದಲು ಬಾರದವರಿಗೆ ದದ್ದು ಎದ್ದ ಮುಖದ ಒಂದು ಚಿತ್ರ. ಕೆಳಗೆ ಒಂದು ಕರೆಗಂಟೆ.

ಕೋಣೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಗಾಳಿಯನ್ನು ಒಳಗೆಳೆದು ಹೊರಗೆ ಬಿಡುವ ವಿಶೇಷ ಕೋಣೆ ಇರುತ್ತದೆ. ನಿಮ್ಮಲ್ಲಿ ಅದು ಇರುವುದಿಲ್ಲ, ಬೇಕಂತಲೂ ಇಲ್ಲ. ಹೊರಗಿನಿಂದ ನೇರ ಬಾಗಿಲಿರುವ, ಹೊರಗೋಡೆಗೆ ಕಿಟಕಿ ಇರುವ ಒಂದು ಕೋಣೆ ಆರಿಸಿ. ಎಷ್ಟೋ ಕಡೆ ಹಿಂಬದಿಯ ಸ್ಟೋರ್ ರೂಮೇ ಇದಕ್ಕೆ ಸರಿಯಾಗಿರುತ್ತದೆ. ಒಳಬಾಗಿಲು ಮುಚ್ಚಿರಬೇಕು, ಹೊರಗಿನ ಕಿಟಕಿ ತೆರೆದಿರಬೇಕು. ಸ್ಪ್ಲಿಟ್ ಎಸಿ ಹಾಕಬೇಡಿ; ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಸೀಲಿಂಗ್ ಫ್ಯಾನೂ ಅಷ್ಟೇ. ಬೇಕಾದದ್ದು ಹೊರಗೋಡೆಗೆ ಕೂರಿಸಿದ ಎಕ್ಸಾಸ್ಟ್ ಫ್ಯಾನ್. ಅದರ ಗಾಳಿ ಹೋಗುವ ಕಡೆ ಜನ ಕಾಯುವ ಜಗಲಿ, ಪಕ್ಕದ ಅಂಗಡಿಯ ಕಿಟಕಿ ಇರಬಾರದು.

ಫ್ಯಾನ್ ಸಾಕಾಗುತ್ತದೆಯೇ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯೆಂದರೆ 1200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಫ್ಯಾನಿನ ಪೆಟ್ಟಿಗೆಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಬರೆದಿರುತ್ತದೆ. ಉದಾಹರಣೆಗೆ 400 ಎಂದಿದ್ದರೆ, ಜಾಲರಿ, ಧೂಳು ಎಲ್ಲ ಕಳೆದು ಅರ್ಧ ಮಾತ್ರ ನಂಬಿ: 200. ಅದನ್ನು 34ರಿಂದ ಭಾಗಿಸಿದರೆ ಗಂಟೆಗೆ ಸುಮಾರು 6 ಬಾರಿ ಕೋಣೆಯ ಗಾಳಿ ಬದಲಾಗುತ್ತದೆ. 6 ಬಾರಿ ಬದಲಾದರೆ ಗಾಳಿಯಲ್ಲಿದ್ದ ಕಣಗಳಲ್ಲಿ 99.9 ಶೇಕಡಾ ಹೋಗಲು 69 ನಿಮಿಷ ಬೇಕು. 12 ಬಾರಿ ಬದಲಾದರೆ 35 ನಿಮಿಷ ಸಾಕು. ಈ ಲೆಕ್ಕವೆಲ್ಲ ತಲೆನೋವು ಎನಿಸಿದರೆ ರೋಗಿ ಹೋದ ಮೇಲೆ ಪೂರ್ತಿ 2 ಗಂಟೆ ಕೋಣೆ ಖಾಲಿ ಬಿಡಿ. ಬಾಗಿಲಿಗೆ ‘ಇಷ್ಟು ಗಂಟೆಯವರೆಗೆ ಒಳಗೆ ಬರಬೇಡಿ’ ಎಂದು ಸಮಯ ಬರೆದ ಚೀಟಿ ಅಂಟಿಸಿ. ಬಾಯಲ್ಲಿ ಹೇಳಿದರೆ ಸಾಲದು, ಗುಡಿಸುವ ಅಕ್ಕ ಹತ್ತೇ ನಿಮಿಷದಲ್ಲಿ ಒಳಗೆ ಹೋಗಿರುತ್ತಾರೆ. ನೆಲ, ಮೇಜು ಒರೆಸಲು ಮಾಮೂಲಿ ಡಿಸ್‌ಇನ್ಫೆಕ್ಟೆಂಟ್ ಸಾಕು. ಹೊಗೆ ಹಾಕುವ ಯಂತ್ರಕ್ಕೆ ದುಡ್ಡು ಸುರಿಯುವ ಬದಲು ಆ ದುಡ್ಡಲ್ಲಿ ಎಕ್ಸಾಸ್ಟ್ ಫ್ಯಾನ್ ಕೊಳ್ಳಿ.

ಮಗು ಆ ಕೋಣೆಗೆ ಬಂದ ಮೇಲೆ ಎಲ್ಲವೂ ಅದರ ಬಳಿಗೇ ಬರಬೇಕು. ರಕ್ತ ತೆಗೆಯಲು ಲ್ಯಾಬಿನ ಸಾಲಿಗೆ ಕಳಿಸುವುದು, ಔಷಧಿಗೆ ಫಾರ್ಮಸಿಯ ಕಿಟಕಿಗೆ ಕಳಿಸುವುದು, ಬಿಲ್ ಕಟ್ಟಲು ಕೌಂಟರಿಗೆ ಕಳಿಸುವುದು, ಇವೇ ಸಾಮಾನ್ಯವಾಗಿ ಆಗುವ ತಪ್ಪುಗಳು. ಔಷಧಿಯನ್ನು ನೀವೇ ತಂದುಕೊಡಿ, ಹಣ ಯುಪಿಐನಲ್ಲಿ ಬರಲಿ. ಎಲ್ಲಕ್ಕಿಂತ ಅಪಾಯದ್ದು ಔಷಧಿಯನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್. ಕೆಮ್ಮುವ ಮಗುವನ್ನು ಮೂಲೆಯ ನೆಬ್ಯುಲೈಸರ್ ಬೆಂಚಿನಲ್ಲಿ ಇತರ ಮಕ್ಕಳ ಪಕ್ಕ ಕೂರಿಸುವುದು ನಮ್ಮ ಕ್ಲಿನಿಕ್‌ಗಳ ಹಳೆಯ ಅಭ್ಯಾಸ. ದಡಾರದ ಅನುಮಾನ ಇರುವಲ್ಲಿ ಅದು ಬೇಡವೇ ಬೇಡ. ಉಬ್ಬಸ ಇದ್ದರೆ ಸ್ಪೇಸರ್ ಹಾಕಿದ ಇನ್‌ಹೇಲರ್ ಬಳಸಿ.

ಮಾಸ್ಕ್ ಎರಡು ಬಗೆಯದು ಬೇಕು. ರೋಗಿಗೆ, ಜೊತೆಗಿರುವವರಿಗೆ ಸಾಮಾನ್ಯ ಸರ್ಜಿಕಲ್ ಮಾಸ್ಕ್. 2 ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕಬಾರದು. ಒಳಗೆ ಹೋಗುವ ಸಿಬ್ಬಂದಿಗೆ, ಲಸಿಕೆ ಆಗಿದ್ದರೂ ಸರಿ, ಎನ್95. ಹಾಕಿದ ಮೇಲೆ ಎರಡೂ ಕೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟು, ಮೂಗಿನ ಪಕ್ಕ ಗಾಳಿ ನುಸುಳುತ್ತದೆಯೇ ನೋಡಿ. ಗಡ್ಡದ ಮೇಲೆ ಎನ್95 ಕೂರುವುದಿಲ್ಲ, ಬದಿಯಿಂದ ಗಾಳಿ ಬರುತ್ತದೆ. ಗಡ್ಡ ತೆಗೆಯದವರಿಗೆ ಆ ಕೋಣೆಯ ಕೆಲಸ ಹಂಚದಿದ್ದರೆ ಆಯಿತು.

ಈಗ ನಿಮ್ಮೆಲ್ಲರ ಸುರಕ್ಷತೆಗೆ ಬರೋಣ. ‘ನಾನು ಚಿಕ್ಕವಳಿದ್ದಾಗ ದಡಾರ ಬಂದಿತ್ತು ಅಂತ ಅಮ್ಮ ಹೇಳ್ತಾರೆ’ ಎಂಬುದು ದಾಖಲೆಯಲ್ಲ. ಆಗ ಮೈಯಲ್ಲಿ ಕೆಂಪಾದದ್ದಕ್ಕೆಲ್ಲ ಅದೇ ಹೆಸರಿತ್ತು. ದಾಖಲೆ ಎಂದರೆ ಮೂರರಲ್ಲಿ ಒಂದು: ಎರಡು ಡೋಸಿನ ತಾರೀಕು ಇರುವ ಕಾರ್ಡು, ರಕ್ತದಲ್ಲಿ ದಡಾರದ ಐಜಿಜಿ (ದೀರ್ಘಕಾಲ ಉಳಿಯುವ ಪ್ರತಿಕಾಯ) ಇದೆ ಎಂಬ ವರದಿ, ಅಥವಾ ದಡಾರ ಬಂದದ್ದು ಲ್ಯಾಬಿನಲ್ಲಿ ಖಚಿತವಾದ ವರದಿ. ಭಾರತದ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ 1985ರಲ್ಲಿ ಬಂತು, ಎರಡನೇ ಡೋಸು ಸೇರಿದ್ದು 2010ರಲ್ಲಿ. ಕೇರಳದಲ್ಲಿ 2017ರ ಅಕ್ಟೋಬರಿನಲ್ಲಿ ನಡೆದ ಎಂಆರ್ ಅಭಿಯಾನ 9 ತಿಂಗಳಿಂದ 15 ವರ್ಷದವರಿಗೆ. ಅಂದರೆ 1985ರಿಂದ 2002ರ ನಡುವೆ ಹುಟ್ಟಿದವರಲ್ಲಿ ಎಷ್ಟೋ ಮಂದಿ ಒಂದೇ ಡೋಸಿನವರು, ಕೆಲವರಿಗೆ ಅದೂ ಇಲ್ಲ. ನಿಮ್ಮ ಕ್ಲಿನಿಕ್‌ನ ಸಿಬ್ಬಂದಿಯ ವಯಸ್ಸು ಒಮ್ಮೆ ಎಣಿಸಿ ನೋಡಿ. ಬಹುಪಾಲು ಇದೇ ಗುಂಪಿನವರಿರುತ್ತಾರೆ. 9 ತಿಂಗಳಲ್ಲಿ ಕೊಟ್ಟ ಒಂದು ಡೋಸು ಸುಮಾರು 85 ಶೇಕಡಾ ರಕ್ಷಣೆ ಕೊಡುತ್ತದೆ. ಸರಿಯಾದ ವಯಸ್ಸಿನಲ್ಲಿ ಎರಡು ಡೋಸು ಬಿದ್ದರೆ ಸುಮಾರು 97.

ದಾಖಲೆ ಇಲ್ಲದವರಿಗೆ ಪರೀಕ್ಷೆ ಮಾಡಿಸಿ ಕಾಯುವ ಅಗತ್ಯವಿಲ್ಲ. 28 ದಿನದ ಅಂತರದಲ್ಲಿ ಎಂಎಂಆರ್ ಎರಡು ಡೋಸು ಹಾಕಿಸಿ. ಮೊದಲೇ ರೋಗನಿರೋಧಕ ಶಕ್ತಿ ಇದ್ದವರಿಗೆ ಹಾಕಿದರೂ ತೊಂದರೆಯಿಲ್ಲ. ಜುಲೈ ಜನಜಂಗುಳಿಗೆ ಮೊದಲು ಎರಡೂ ಆಗಬೇಕೆಂದರೆ ಮೇ ಮಧ್ಯದೊಳಗೆ ಶುರು ಮಾಡಿ. ಎಲ್ಲರಿಗೂ ಒಂದೇ ದಿನ ಹಾಕಬೇಡಿ: 7ರಿಂದ 12 ದಿನದ ನಡುವೆ ಕೆಲವರಿಗೆ ಜ್ವರ, ಸುಮಾರು 5 ಶೇಕಡಾ ಮಂದಿಗೆ ಲಘು ದದ್ದು ಬರುತ್ತದೆ, ಮೂವರು ನರ್ಸುಗಳೂ ಒಟ್ಟಿಗೆ ರಜೆ ಹಾಕುವಂತಾಗಬಾರದು. ಇದು ಜೀವಂತ ವೈರಸ್‌ನ ಲಸಿಕೆ. ಗರ್ಭಿಣಿಯರಿಗೆ ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ಧರಿಸದಿರುವುದು ಒಳ್ಳೆಯದು. ಕ್ಯಾನ್ಸರ್ ಚಿಕಿತ್ಸೆ, ಹೆಚ್ಚು ಡೋಸಿನ ಸ್ಟೀರಾಯ್ಡ್ ಪಡೆಯುವವರು ಮೊದಲು ಡಾಕ್ಟರನ್ನು ಕೇಳಬೇಕು. ಗುಡಿಸುವವರು, ಟೋಕನ್ ಹುಡುಗಿ, ಫಾರ್ಮಸಿಯವರು, ಆಂಬುಲೆನ್ಸ್ ಡ್ರೈವರ್ ಎಲ್ಲರೂ ಸಿಬ್ಬಂದಿಯೇ. ಎಲ್ಲರ ತಾರೀಕುಗಳೂ ಒಂದೇ ಪುಸ್ತಕದಲ್ಲಿ ಇರಲಿ. ಕೇಸು ಬಂದ ರಾತ್ರಿ ಹುಡುಕುವಂತಾಗಬಾರದು. ದಾಖಲೆ ಇಲ್ಲದ ಸಿಬ್ಬಂದಿ ಸೋಂಕಿಗೆ ಒಡ್ಡಿಕೊಂಡರೆ ಮೊದಲ ಸಂಪರ್ಕದ 5ನೇ ದಿನದಿಂದ ಕೊನೆಯ ಸಂಪರ್ಕದ 21ನೇ ದಿನದವರೆಗೆ ಕೆಲಸಕ್ಕೆ ಬರುವಂತಿಲ್ಲ. ಎರಡು ವಾರಕ್ಕೂ ಮೀರಿದ ಈ ರಜೆಯ ಲೆಕ್ಕ ತೋರಿಸಿದರೆ, ಲಸಿಕೆಗೆ ಹಣ ಕೊಡಲು ಹಿಂದೆಮುಂದೆ ನೋಡುವ ಮಾಲೀಕರೂ ಒಪ್ಪುತ್ತಾರೆ.

ಗುರುತಿಸುವ ವಿಚಾರ. ಸೋಂಕು ತಗಲಿ ಸುಮಾರು 10 ದಿನಕ್ಕೆ ಜ್ವರ, 14 ದಿನದ ಸುಮಾರಿಗೆ ದದ್ದು. ಜ್ವರ ಏರುತ್ತಾ ಹೋಗಿ 104 ಡಿಗ್ರಿ ಮುಟ್ಟುವ ಹೊತ್ತಿಗೆ ದದ್ದು ಕೂದಲಂಚಿನಲ್ಲಿ, ಕಿವಿಯ ಹಿಂದೆ ಶುರುವಾಗಿ ಮುಖ, ಎದೆ, ಹೊಟ್ಟೆ ದಾಟಿ ಮೂರು ದಿನದಲ್ಲಿ ಕಾಲಿಗೆ ಇಳಿಯುತ್ತದೆ. ನಮ್ಮ ಮಕ್ಕಳ ಕಂದು ಮೈಯಲ್ಲಿ ಪುಸ್ತಕದ ಚಿತ್ರದಷ್ಟು ಕೆಂಪು ಕಾಣುವುದಿಲ್ಲ. ಟ್ಯೂಬ್‌ಲೈಟಿನಡಿ ನೋಡದೆ ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳಾಡಿಸಿ ಒರಟಾಗಿದೆಯೇ ನೋಡಿ. ಬಾಯೊಳಗೆ ಟಾರ್ಚ್ ಹಾಕಿ ದವಡೆ ಹಲ್ಲಿನ ಎದುರಿನ ಕೆನ್ನೆಯಲ್ಲಿ ಕೆಂಪು ಹಿನ್ನೆಲೆಯ ಮೇಲೆ ಪುಟ್ಟ ಬಿಳಿ ಚುಕ್ಕೆಗಳಿವೆಯೇ ಎಂದು ಹುಡುಕಬೇಕು. ಅವು ಕೋಪ್ಲಿಕ್ ಚುಕ್ಕೆಗಳು. ದದ್ದಿಗೆ ಒಂದೆರಡು ದಿನ ಮೊದಲು ಬಂದು, ದದ್ದು ಎದ್ದ ಒಂದೆರಡು ದಿನಕ್ಕೆ ಮಾಯವಾಗುತ್ತವೆ. ಕಂಡರೆ ದಡಾರದ ಅನುಮಾನ ಗಟ್ಟಿ, ಕಾಣದಿದ್ದರೆ ದಡಾರ ಅಲ್ಲವೆಂದಲ್ಲ. ಒಂದು ಡೋಸು ಲಸಿಕೆ ಆದವರಲ್ಲಿ ರೋಗ ಸೌಮ್ಯವಾಗಿ, ಅರ್ಧಂಬರ್ಧ ದದ್ದಿನೊಂದಿಗೆ ಬರುವುದೂ ಉಂಟು.

ಜುಲೈ, ಆಗಸ್ಟ್ ಎಂದರೆ ನಮ್ಮಲ್ಲಿ ಡೆಂಗ್ಯೂ ಕಾಲ ಕೂಡ. ಡೆಂಗ್ಯೂವಿನಲ್ಲಿ ಕೆಮ್ಮು, ಸುರಿಯುವ ಮೂಗು ಅಷ್ಟಾಗಿ ಇರುವುದಿಲ್ಲ. ಮೈಕೈ ನೋವು, ಕಣ್ಣಿನ ಹಿಂಭಾಗದ ನೋವು ಹೆಚ್ಚು. ಕೈ, ಕಾಲು, ಬಾಯಿಯ ಸುತ್ತ ನೀರುಗುಳ್ಳೆ ಇದ್ದರೆ ಅದು ತಕ್ಕಾಳಿಪನಿ (ಹ್ಯಾಂಡ್ ಫುಟ್ ಮೌತ್ ಕಾಯಿಲೆ), ಮೈಯೆಲ್ಲ ನೀರುಗುಳ್ಳೆ ಇದ್ದರೆ ಚಿಕನ್‌ಪಾಕ್ಸ್. ದಡಾರದ ದದ್ದಿನಲ್ಲಿ ನೀರು ತುಂಬುವುದಿಲ್ಲ. ಪಕ್ಕದ ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಿಂದು ಬಂದ ಮಗುವಿಗೆ ದದ್ದು ಎದ್ದರೆ ‘ಔಷಧಿಯ ಅಲರ್ಜಿ’ ಎಂದು ಬರೆದು ಮನೆಗೆ ಕಳಿಸುವುದು ಸಾಮಾನ್ಯ. ದಡಾರ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಅಲರ್ಜಿಗೆ ಮೊದಲೇ ಮೂರು ದಿನ ಜ್ವರ, ಕೆಂಗಣ್ಣು ಇರುವುದಿಲ್ಲವಲ್ಲ. ಏನೇ ಇರಲಿ, ಕಣ್ಣಂದಾಜಿಗೆ ಪರೀಕ್ಷೆಯ ಬೆಂಬಲ ಬೇಕೇಬೇಕು.

ಪರೀಕ್ಷೆಗೆ ಎರಡು ಮಾದರಿ. ಐಜಿಎಂಗೆ (ಹೊಸ ಸೋಂಕಿನಲ್ಲಿ ಮೊದಲು ಏಳುವ ಪ್ರತಿಕಾಯ) ರಕ್ತ, ವೈರಸ್ ಪತ್ತೆಗೆ ಗಂಟಲ ಸ್ವ್ಯಾಬ್. ದದ್ದು ಎದ್ದ ದಿನದಿಂದ 28 ದಿನದವರೆಗೆ ರಕ್ತ ತೆಗೆಯಬಹುದು. ಮೊದಲ 3 ದಿನದಲ್ಲಿ ತೆಗೆದ ರಕ್ತದಲ್ಲಿ ಐಜಿಎಂ ಇನ್ನೂ ಎದ್ದಿರದೆ ನೆಗೆಟಿವ್ ಬರಬಹುದು. ‘ನೆಗೆಟಿವ್ ಬಂತು, ದಡಾರ ಅಲ್ಲ’ ಎಂದು ಆಗ ಕೈ ತೊಳೆದುಕೊಳ್ಳಬಾರದು, ಎರಡನೇ ಸಲ ತೆಗೆಯಬೇಕು. ಸ್ವ್ಯಾಬ್‌ಗೆ ಇದರ ಉಲ್ಟಾ. ಬೇಗ ತೆಗೆದಷ್ಟೂ ಒಳ್ಳೆಯದು, ಮೊದಲ ವಾರದೊಳಗೆ. ಸಾದಾ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಟ್ಟು ಸೀರಂ (ಮೇಲೆ ನಿಲ್ಲುವ ತಿಳಿ ದ್ರವ) ಬೇರ್ಪಡಿಸಿ, 2ರಿಂದ 8 ಡಿಗ್ರಿಯಲ್ಲಿ ಐಸ್‌ಪ್ಯಾಕ್ ಇಟ್ಟ ಕ್ಯಾರಿಯರ್‌ನಲ್ಲಿ ಕಳಿಸಬೇಕು. ಸೀರಂ ಬೇರ್ಪಡಿಸದ ರಕ್ತವನ್ನು ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆದು ಮಾದರಿ ಹಾಳಾಗುತ್ತದೆ. ಟ್ಯೂಬಿನ ಮೇಲೆ ಹೆಸರಿನ ಜೊತೆ ದದ್ದು ಎದ್ದ ತಾರೀಕು, ಮಾದರಿ ತೆಗೆದ ತಾರೀಕು, ಕೊನೆಯ ಲಸಿಕೆಯ ತಾರೀಕು ಬೇಕು. ಇತ್ತೀಚೆಗಷ್ಟೇ ಲಸಿಕೆ ಆಗಿದ್ದರೆ ಐಜಿಎಂ ಅದರಿಂದಲೂ ಪಾಸಿಟಿವ್ ಬರುತ್ತದೆ.

ಮಾದರಿಯ ದಾರಿ ಕಾಯದೆ ಅದೇ ದಿನ ಫೋನ್ ಮಾಡಿ. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದ ಮೆಡಿಕಲ್ ಆಫೀಸರ್ ಅಥವಾ ಜೆಎಚ್‌ಐ (ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್), ಅವರ ಮೂಲಕ ಜಿಲ್ಲಾ ಸರ್ವೇಕ್ಷಣಾ ಘಟಕ. ಜ್ವರ ಮತ್ತು ದದ್ದು ಎಂಬ ಅನುಮಾನವೇ ವರದಿಗೆ ಸಾಕು. ಖಚಿತವಾಗಲಿ ಎಂದು ಕಾದರೆ ಸಂಪರ್ಕದವರಿಗೆ ಲಸಿಕೆ ಕೊಡುವ ಹೊತ್ತು ಮೀರುತ್ತದೆ. ಗಡಿಯ ನಮಗೆ ಇಲ್ಲೊಂದು ಹಳೆಯ ಕಾಯಿಲೆ: ತಲಪಾಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಹೋದ ರೋಗಿಯನ್ನು ‘ಅವರು ವರದಿ ಮಾಡ್ತಾರೆ’ ಎಂದು ಈ ಕಡೆಯವರು, ‘ಕೇರಳದ ಕೇಸು’ ಎಂದು ಆ ಕಡೆಯವರು ಬಿಡುವುದು. ಮೊದಲು ನೋಡಿದವರು ನೀವಾದರೆ ವರದಿ ನಿಮ್ಮದು. ಮಗು ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣದಲ್ಲಿ ಇಳಿದ ತಾರೀಕು, ವಿಮಾನದ ನಂಬರ್ ಅದೇ ಕರೆಯಲ್ಲಿ ಹೇಳಿ. ಮೂಲ ಹುಡುಕಲು ದದ್ದು ಎದ್ದ ದಿನದಿಂದ 7ರಿಂದ 21 ದಿನ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಆಗಸ್ಟ್ 20ಕ್ಕೆ ದದ್ದು ಎದ್ದಿದ್ದರೆ ಸೋಂಕು ತಗಲಿದ್ದು ಜುಲೈ 30ರಿಂದ ಆಗಸ್ಟ್ 13ರ ನಡುವೆ ಎಲ್ಲೋ. ಅವರಿಂದ ಇತರರಿಗೆ ಹರಡುವ ಅವಧಿ ಆಗಸ್ಟ್ 16ರಿಂದ 24.

ಸಂಪರ್ಕದವರ ಪಟ್ಟಿ ಎಂದರೆ ಒಪಿ ಚೀಟಿಯ ಪಟ್ಟಿ ಎಂದುಕೊಂಡರೆ ಅರ್ಧ ಜನ ಬಿಟ್ಟುಹೋಗುತ್ತಾರೆ. ನಮ್ಮಲ್ಲಿ ಒಬ್ಬ ರೋಗಿಯ ಜೊತೆ ಅಜ್ಜಿ, ಅತ್ತಿಗೆ, ಅವಳ ಸೊಂಟದ ಕೂಸು, ಹೀಗೆ ಮೂರ್ನಾಲ್ಕು ಮಂದಿ ಬರುತ್ತಾರೆ. ಆ ಕೂಸಿನ ಹೆಸರೇ ಎಲ್ಲೂ ಇರುವುದಿಲ್ಲ. ಪ್ರತಿ ಟೋಕನ್‌ನ ಎದುರು ‘ಜೊತೆಗೆ ಎಷ್ಟು ಮಂದಿ’ ಎಂಬ ಅಂಕಣ ಸೇರಿಸಿ. ರೋಗಿ 10.15ಕ್ಕೆ ಬಂದು 11ಕ್ಕೆ ಹೋದರೆ, 10.15ರಿಂದ 1 ಗಂಟೆಯವರೆಗೆ ಆ ಗಾಳಿಯಲ್ಲಿದ್ದ ಎಲ್ಲರೂ ಪಟ್ಟಿಗೆ ಬರಬೇಕು. ಅವರಲ್ಲಿ ಲಸಿಕೆ ಆಗದವರಿಗೆ ಮೊದಲ ಸಂಪರ್ಕದಿಂದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಡೆಯುವ ಸಾಧ್ಯತೆ ಇದೆ. ಶನಿವಾರ ಸಂಜೆಯ ಕೇಸಾದರೆ ಮಂಗಳವಾರ ಸಂಜೆಗೆ ಗಡುವು ಮುಗಿಯಿತು, ನಡುವೆ ಭಾನುವಾರ ಬೇರೆ. ಲಸಿಕೆ ಕೊಡಲಾಗದ ಆರು ತಿಂಗಳೊಳಗಿನ ಕೂಸು, ರೋಗನಿರೋಧಕ ಶಕ್ತಿ ಇಲ್ಲದ ಗರ್ಭಿಣಿ, ಕೀಮೋ ಪಡೆಯುವವರು, ಇವರಿಗೆ 6 ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್. ಕೂಸುಗಳಿಗೆ ಸ್ನಾಯುವಿಗೆ ಕಿಲೋಗೆ 0.5 ಮಿಲಿ, ಗರ್ಭಿಣಿಯರಿಗೆ ಮತ್ತು ತೀವ್ರ ರೋಗನಿರೋಧಕ ಕೊರತೆ ಇರುವವರಿಗೆ ರಕ್ತನಾಳದ ಮೂಲಕ ಕಿಲೋಗೆ 400 ಮಿಗ್ರಾಂ. ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಜೂನ್‌ನಲ್ಲೇ ವಿಚಾರಿಸಿಡಿ.

ಚಿಕಿತ್ಸೆಯಲ್ಲಿ ವೈರಸ್ ಕೊಲ್ಲುವ ಔಷಧಿ ಇಲ್ಲ, ಆದರೆ ಮರೆಯಲೇಬಾರದ ಒಂದಿದೆ: ವಿಟಮಿನ್ ಎ. 6 ತಿಂಗಳೊಳಗಿನವರಿಗೆ 50,000 ಯೂನಿಟ್, 6ರಿಂದ 11 ತಿಂಗಳವರಿಗೆ 1 ಲಕ್ಷ, 1 ವರ್ಷ ದಾಟಿದ ಮಕ್ಕಳಿಗೆ 2 ಲಕ್ಷ. ಇಂದು ಒಂದು, ನಾಳೆ ಒಂದು. ಕಣ್ಣಿನಲ್ಲಿ ವಿಟಮಿನ್ ಎ ಕೊರತೆಯ ಲಕ್ಷಣ ಇದ್ದರೆ 4ರಿಂದ 6 ವಾರದ ಬಳಿಕ ಮೂರನೆಯದು. ಸರಕಾರಿ ಸಿರಪ್‌ನಲ್ಲಿ 1 ಮಿಲಿಗೆ 1 ಲಕ್ಷ ಯೂನಿಟ್. ಅಂಗಡಿಯದ್ದಾದರೆ ಲೇಬಲ್ ಓದಿ ಲೆಕ್ಕ ಹಾಕಿ. ಬಾಟಲಿ ತೆರೆದ ತಾರೀಕು ಬರೆದಿಡಿ, 8 ವಾರ ದಾಟಿದ್ದು ಬೇಡ. ಎರಡನೇ ದಿನದ ಡೋಸಿಗೆ ಮಗುವನ್ನು ಮತ್ತೆ ಕ್ಲಿನಿಕ್‌ಗೆ ಕರೆಸಬೇಡಿ. ಅಳೆದು ಕೊಟ್ಟು ಕಳಿಸಿ, ಮರುದಿನ ಫೋನ್ ಮಾಡಿ ಕೇಳಿ. ಹೆಚ್ಚಾದರೆ ಇದು ವಿಷ, ಹಾಗಾಗಿ ಬಾಟಲಿಯನ್ನೇ ಕೈಗೆ ಕೊಡುವಂತಿಲ್ಲ. ಗರ್ಭಿಣಿಯರಿಗೆ ಈ ದೊಡ್ಡ ಡೋಸು ಕೊಡಬಾರದು. ಜ್ವರಕ್ಕೆ ಪ್ಯಾರಸಿಟಮಾಲ್ ಕಿಲೋಗೆ 10ರಿಂದ 15 ಮಿಗ್ರಾಂ, ಆರು ಗಂಟೆಗೊಮ್ಮೆ. ಡೆಂಗ್ಯೂ ತಳ್ಳಿಹಾಕುವ ತನಕ ಐಬುಪ್ರೊಫೆನ್ ಬೇಡ. ಆಂಟಿಬಯಾಟಿಕ್ ಕಿವಿ ಸೋಂಕಿಗೆ, ನ್ಯುಮೋನಿಯಾಕ್ಕೆ ಮಾತ್ರ. ಕಣ್ಣಿಗೆ ಸ್ಟೀರಾಯ್ಡ್ ಹನಿ ಹಾಕಲೇಬಾರದು.

ಮನೆಯಲ್ಲಿ ಬೇವಿನ ಸೊಪ್ಪು ಇಡುತ್ತಾರೆ, ಇಡಲಿ. ಜಗಳವಾಡಬೇಕಾದದ್ದು ಪಥ್ಯದ ವಿಷಯದಲ್ಲಿ. ಮೀನು, ಮೊಟ್ಟೆ, ಹಾಲು ಬಿಡಿಸಿ ವಾರಗಟ್ಟಲೆ ಗಂಜಿ ನೀರಿನಲ್ಲಿ ಮಗುವನ್ನು ಒಣಗಿಸಿದರೆ, ಮೊದಲೇ ಕುಗ್ಗಿದ ಮೈ ಇನ್ನೂ ಕುಗ್ಗುತ್ತದೆ. ಎದೆಹಾಲು ನಿಲ್ಲಿಸಬಾರದು, ಒಆರ್‌ಎಸ್ ಜೊತೆಗಿರಲಿ. ದದ್ದು ಎದ್ದ ದಿನವನ್ನು ಸೊನ್ನೆ ಎಂದು ಹಿಡಿದು 4ನೇ ದಿನ ಮುಗಿಯುವ ತನಕ ಶಾಲೆ, ಮದ್ರಸ, ಮದುವೆ ಮನೆ ಬೇಡ. ರಜೆಗೆ ಬಂದವರಿಗೆ ಮದುವೆ ಬಿಡುವುದು ಕಷ್ಟ. ಅದಕ್ಕೇ ತಾರೀಕನ್ನೇ ಚೀಟಿಯಲ್ಲಿ ಬರೆದುಕೊಡಿ.

ದೊಡ್ಡಾಸ್ಪತ್ರೆಗೆ ಕಳಿಸಬೇಕಾದದ್ದು ಯಾವಾಗ? 2ರಿಂದ 11 ತಿಂಗಳ ಮಗು ನಿಮಿಷಕ್ಕೆ 50ಕ್ಕೆ ಕಡಿಮೆಯಿಲ್ಲದೆ, 1ರಿಂದ 5 ವರ್ಷದ ಮಗು 40ಕ್ಕೆ ಕಡಿಮೆಯಿಲ್ಲದೆ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಹೋಗುತ್ತಿದ್ದರೆ, ಉಸಿರೆಳೆಯುವಾಗ ಗೊರಗೊರ ಸದ್ದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಮಂಪರು ಕವಿದರೆ, ಕಣ್ಣಿನ ಕರಿಗುಡ್ಡೆ ಮಸುಕಾದರೆ. ಗರ್ಭಿಣಿಗೆ ದಡಾರ ಬಂದರೆ ಇದ್ಯಾವುದಕ್ಕೂ ಕಾಯುವಂತಿಲ್ಲ. ಕಳಿಸುವ ಮೊದಲು, ಅದು ಕಾಸರಗೋಡು ಜನರಲ್ ಆಸ್ಪತ್ರೆಯಾಗಲಿ ಮಂಗಳೂರಾಗಲಿ, ಕ್ಯಾಶುವಾಲ್ಟಿಗೆ ಫೋನ್ ಮಾಡಿ ‘ದಡಾರದ ಅನುಮಾನ, ಇಷ್ಟು ಹೊತ್ತಿಗೆ ತಲುಪುತ್ತಾರೆ, ಯಾವ ಬಾಗಿಲಿಗೆ ಬರಲಿ’ ಎಂದು ಕೇಳಿ. ಬಸ್ಸು, ಲೋಕಲ್ ರೈಲು ಬೇಡ. ಸ್ವಂತ ಗಾಡಿಯೋ ಆಂಬುಲೆನ್ಸೋ, ಕಿಟಕಿ ತೆರೆದು.

ಇನ್ನು ಏಳು ತಿಂಗಳ ಕೂಸಿನ ತಾಯಿಗೆ ಹೇಳಬೇಕಾದದ್ದು. ಸರಕಾರಿ ಕಾರ್ಯಕ್ರಮದಲ್ಲಿ ಸಾಮಾನ್ಯ ದಿನಗಳಲ್ಲಿ 9 ತಿಂಗಳಿಗೆ ಮೊದಲು ಎಂಆರ್ ಕೊಡುವುದಿಲ್ಲ. ರೋಗ ಹಬ್ಬಿದ ಕಡೆ ಮಾತ್ರ 6 ತಿಂಗಳು ತುಂಬಿದವರಿಗೆ ಹೆಚ್ಚುವರಿ ಡೋಸು ಕೊಟ್ಟದ್ದುಂಟು. ದಡಾರ ಇರುವ ದೇಶಕ್ಕೆ ಹೊರಟ 6ರಿಂದ 11 ತಿಂಗಳ ಮಗುವಿಗೆ ಮಕ್ಕಳ ಡಾಕ್ಟರರ ಸಲಹೆಯ ಮೇಲೆ ಖಾಸಗಿಯಲ್ಲಿ ಒಂದು ಡೋಸು ಕೊಡಬಹುದು, ಪ್ರಯಾಣಕ್ಕೆ ಎರಡು ವಾರ ಮೊದಲಾದರೆ ಒಳ್ಳೆಯದು. ಹಿಂದಿನ ದಿನ ಓಡಿಬಂದರೆ ಅದೇ ಪ್ರಯಾಣದಲ್ಲಿ ಹೆಚ್ಚು ಪ್ರಯೋಜನವಿಲ್ಲ. ಆದರೆ 9 ತಿಂಗಳಿಗೆ ಮೊದಲು ಬಿದ್ದ ಡೋಸು ಲೆಕ್ಕಕ್ಕೆ ಬರುವುದಿಲ್ಲ, ತಾಯಿಯಿಂದ ಬಂದ ಪ್ರತಿಕಾಯಗಳು ಅದರ ಕೆಲಸವನ್ನು ಅರ್ಧ ತಿಂದುಹಾಕುತ್ತವೆ. ಕನಿಷ್ಠ 4 ವಾರದ ಅಂತರ ಇಟ್ಟು ಮಾಮೂಲಿ ಎರಡೂ ಡೋಸುಗಳು ಆಗಲೇಬೇಕು. ತಾಯಿ-ಮಗು ಕಾರ್ಡಿನ ಎಂಆರ್ ಮೊದಲ ಡೋಸಿನ ಚೌಕದಲ್ಲಿ ಇದನ್ನು ಬರೆಯಬೇಡಿ. ಪಕ್ಕದ ಖಾಲಿ ಜಾಗದಲ್ಲಿ ‘ಪ್ರಯಾಣಕ್ಕಾಗಿ ಹೆಚ್ಚುವರಿ’ ಎಂದು ತಾರೀಕಿನೊಂದಿಗೆ ಬರೆಯಿರಿ. ಚೌಕ ತುಂಬಿದ್ದು ಕಂಡರೆ ಮುಂದಿನ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) 9 ತಿಂಗಳ ಡೋಸು ಆಗಿದೆ ಎಂದೇ ತಿಳಿದು ಬಿಟ್ಟುಬಿಡುತ್ತಾರೆ.